ಪಟಾಕಿ ಶೋ ಮುಗಿದ ಮೇಲೆ: ಡಿಸ್ನಿ ವರ್ಲ್ಡ್‌ನಲ್ಲಿ ಗೇಟು ತಲುಪುವ ಬಗೆ

ಒರ್ಲ್ಯಾಂಡೋದ ಡಿಸ್ನಿ ವರ್ಲ್ಡ್‌ಗೆ ಹೊರಟವರು ಯಾವ ರೈಡ್‌ಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ರಾತ್ರಿ ಪಟಾಕಿ ನೋಡೋಕೆ ಎಲ್ಲಿ ನಿಂತರೆ ಚೆನ್ನ ಅಂತಲೂ ಹುಡುಕಿಟ್ಟಿರುತ್ತಾರೆ. ಮುಗಿದ ಮೇಲೆ ಆಚೆ ಬರೋದು ಹೇಗೆ ಅನ್ನೋದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಜೊತೆ ಸ್ಟ್ರಾಲರ್‌ನಲ್ಲಿ, ಅಂದರೆ ಮಕ್ಕಳ ತಳ್ಳುಗಾಡಿಯಲ್ಲಿ, ಕೂರುವ ಮಗಳು, ಮಂಡಿ ನೋವಿನ ಅಮ್ಮ ಇಬ್ಬರೂ ಇದ್ದರು. ಹಾಗಾಗಿ ನಾನು ಶುರುಮಾಡಿದ್ದೇ ಈ ಪ್ರಶ್ನೆಯಿಂದ.

ಮೊದಲು ಜಾಗದ ನಕ್ಷೆ ತಲೆಯಲ್ಲಿ ಇಟ್ಟುಕೊಳ್ಳಿ. ಡಿಸ್ನಿ ವರ್ಲ್ಡ್‌ನ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್ ಶುರುವಾಗಿದ್ದು 1971ರಲ್ಲಿ. ನಡುವೆ ಕ್ಯಾಸಲ್, ಅದರ ಮುಂದೆ ದುಂಡನೆಯ ಬಯಲು. ಆ ಬಯಲಿನಿಂದ ಗೇಟಿಗೆ ಹೋಗುವ ಮುಖ್ಯ ದಾರಿ ಒಂದೇ, ಮೇನ್ ಸ್ಟ್ರೀಟ್. ಎರಡೂ ಕಡೆ ಸಾಲು ಅಂಗಡಿ. ನಮ್ಮ ಕಡೆ ಜಾತ್ರೆಯಲ್ಲಿ ತೇರು ನಿಂತ ಮೇಲೆ ಜನ ನಾಲ್ಕು ದಿಕ್ಕಿಗೂ ಚದುರುತ್ತಾರಲ್ವಾ, ಇಲ್ಲಿ ಚದುರೋಕೆ ದಿಕ್ಕೇ ಇಲ್ಲ. ಅದರ ಮೇಲೆ ಆ ಬೀದಿಯ ಕಟ್ಟಡಗಳ ಮೇಲೂ ಬೆಳಕಿನ ಚಿತ್ರ ಬಿಡುವುದರಿಂದ ಜನ ಅಲ್ಲೂ ನಿಂತು ನೋಡುತ್ತಿರುತ್ತಾರೆ. ಕೊನೆಯ ಪಟಾಕಿ ಸಿಡಿದ ಕ್ಷಣಕ್ಕೆ ನಿಂತವರೂ ಹೊರಟವರೂ ಒಂದೇ ಬೀದಿಯಲ್ಲಿ.

ಆದ್ದರಿಂದ ಶೋ ಶುರುವಾಗುವ ಮೊದಲೇ ಒಂದು ತೀರ್ಮಾನ ಮಾಡಿ. ಒಂದೋ ಮುಗಿಯುವ ಐದು ನಿಮಿಷ ಮೊದಲೇ ಹೊರಡಬೇಕು, ಇಲ್ಲವೇ ಮುಗಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಕೂರಬೇಕು. ನಡುವಿನ ದಾರಿ ಇಲ್ಲ. ಬೇಗ ಹೊರಡುವವರು ಗೇಟಿನ ಹತ್ತಿರವೇ, ಟೌನ್ ಸ್ಕ್ವೇರ್ ಕಡೆ ನಿಂತುಕೊಳ್ಳಿ. ಕ್ಯಾಸಲ್ ಸಣ್ಣದಾಗಿ ಕಾಣುತ್ತದೆ, ಪಟಾಕಿಗೇನೂ ಕೊರತೆಯಿಲ್ಲ. ನಾವು ಎರಡನೆಯದನ್ನು ಆರಿಸಿಕೊಂಡೆವು. ಕ್ಯಾಸಲ್ ಕಡೆ ಮುಖ ಮಾಡಿದರೆ ಬಯಲಿನ ಬಲಕ್ಕೆ, ಪಾರ್ಕಿನ ಟುಮಾರೋಲ್ಯಾಂಡ್ ಅನ್ನುವ ಭಾಗಕ್ಕೆ ಹೋಗುವ ಸೇತುವೆಯ ಹತ್ತಿರ ನಿಂತೆವು. ಮುಗಿದ ಕೂಡಲೇ ಎಲ್ಲರೂ ಗೇಟಿನ ಕಡೆ ತಿರುಗಿದರೆ ನಾವು ಒಳಗೆ ಹೋಗಿ ಬೆಂಚು ಹಿಡಿದೆವು. ಅಮ್ಮ ಕಾಲು ಚಾಚಿದರು, ಮಗಳಿಗೆ ಅಷ್ಟರಲ್ಲೇ ನಿದ್ದೆ. ಶೋ ಮುಗಿದ ಮೇಲೂ ಪಾರ್ಕ್ ತೆರೆದಿರುವ ದಿನವಾದರೆ ಒಂದೆರಡು ರೈಡ್ ಕಡಿಮೆ ಕ್ಯೂನಲ್ಲಿ ಸಿಗುತ್ತವೆ, ಅದು ಬೋನಸ್ಸು.

ಕಾಯಲೇಬೇಕಾ, ಜನರ ಜೊತೆಗೇ ನಡೆದರೆ ಏನಾಗುತ್ತೆ ಅಂತ ನನ್ನ ಗಂಡ ಕೇಳಿದರು. ಸಾಮಾನ್ಯವಾಗಿ ಏನೂ ಆಗಲ್ಲ. ಅಲ್ಲಿನ ಸಿಬ್ಬಂದಿ ಕೈಯಲ್ಲಿ ಬೆಳಕಿನ ಕೋಲು ಹಿಡಿದು ಸಾಲು ಕಾಯುತ್ತಾರೆ, ಹಗ್ಗ ಕಟ್ಟಿ ದಾರಿ ಬಿಡುತ್ತಾರೆ. ಆದರೂ ಜಪಾನಿನ ಅಕಾಶಿಯಲ್ಲಿ 2001ರ ಜುಲೈ 21ರಂದು ನಡೆದದ್ದನ್ನು ಓದಿದ ಮೇಲೆ ನನಗೆ ಪಟಾಕಿ ಅಂದರೆ ಮೊದಲು ಸೇತುವೆ ನೆನಪಾಗುತ್ತದೆ. ಅಲ್ಲಿ ರೈಲು ನಿಲ್ದಾಣಕ್ಕೂ ಸಮುದ್ರ ದಂಡೆಗೂ ನಡುವೆ ಇದ್ದದ್ದು ಒಂದು ಕಾಲುಸೇತುವೆ. ಪಟಾಕಿ ನೋಡಿ ವಾಪಸ್ ಹೊರಟವರೂ, ಎದುರಿನಿಂದ ಬರುವವರೂ ಅದರ ಮೇಲೇ ಸೇರಿದರು. 11 ಜನ ಸತ್ತರು, ಬಹುಪಾಲು ಮಕ್ಕಳು. ಯಾರೂ ಬೇಕಂತ ತಳ್ಳಿರಲಿಲ್ಲ.

ಇಂಥ ಕಡೆ ಸಾವು ಬರುವುದು ತುಳಿತದಿಂದ ಅಂತ ನಾವು ಅಂದುಕೊಂಡಿರುತ್ತೇವೆ. ಹೆಚ್ಚಿನ ಸಲ ಉಸಿರುಗಟ್ಟಿ. ಎದೆ ಹಿಗ್ಗೋಕೆ ಜಾಗ ಸಿಗದೆ, ನಿಂತಲ್ಲೇ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ಇದ್ದಾಗ ಇನ್ನೂ ಕಾಲು ನಮ್ಮ ಮಾತು ಕೇಳುತ್ತದೆ. ಆರೇಳು ಆದರೆ ಇಡೀ ಗುಂಪು ನೀರಿನ ಹಾಗೆ ವಾಲಾಡುತ್ತದೆ, ಎತ್ತ ಹೋಗಬೇಕು ಅನ್ನೋದು ನಮ್ಮ ಕೈಲಿರುವುದಿಲ್ಲ. ಅಲ್ಲಿ ನಿಂತು ತಲೆ ಎಣಿಸೋಕೆ ಆಗಲ್ಲ, ಭುಜ ಗಮನಿಸಿ. ಎರಡೂ ಭುಜಕ್ಕೆ ಬೇರೆಯವರು ತಾಗುತ್ತಿದ್ದಾರೆ, ನಡಿಗೆ ನಿಂತು ನಿಂತು ಸಾಗುತ್ತಿದೆ ಅಂದರೆ ಪಕ್ಕಕ್ಕೆ ಸರಿಯುವ ಹೊತ್ತು ಬಂತು. ಕೈ ಎತ್ತಿ ಮುಖ ಒರೆಸಿಕೊಳ್ಳೋಕೂ ಆಗುತ್ತಿಲ್ಲ ಅನ್ನಿಸುವವರೆಗೆ ಕಾಯಬೇಡಿ.

ಪಕ್ಕಕ್ಕೆ ಸರಿಯುವುದು ಅಂದರೆ ಜನರ ವಿರುದ್ಧ ಈಜುವುದಲ್ಲ. ಅವರ ಜೊತೆಗೇ ಹೋಗುತ್ತಾ, ನೂಕು ಸ್ವಲ್ಪ ಸಡಿಲವಾದಾಗ ಒಂದೆರಡು ಹೆಜ್ಜೆ ಓರೆಯಾಗಿ ಅಂಚಿನ ಕಡೆ. ಗೋಡೆಗೋ ಕಂಬಿಗೋ ಒರಗಿ ಮಾತ್ರ ನಿಲ್ಲಬೇಡಿ, ಹಿಂದಿನ ಭಾರವೆಲ್ಲ ನಿಮ್ಮ ಮೇಲೇ ಬೀಳುತ್ತದೆ. ಮೇನ್ ಸ್ಟ್ರೀಟ್‌ನಲ್ಲಿ ಇದಕ್ಕೆ ಒಂದು ಅನುಕೂಲವಿದೆ. ಗೇಟಿನ ಕಡೆ ಮುಖ ಮಾಡಿದರೆ ಬಲಗಡೆಯ ಎಂಪೋರಿಯಂ ಅಂಗಡಿ ಒಳಗೊಳಗೇ ಉದ್ದಕ್ಕೂ ಹೋಗುತ್ತದೆ. ಒಳಗೆ ನುಗ್ಗಿದರೆ ಏಸಿ ತಂಪು, ಹಲವು ಬಾಗಿಲು. ಅಲ್ಲೂ ಜನ ಇರುತ್ತಾರೆ ನಿಜ, ಆದರೆ ನಿಂತು ಉಸಿರಾಡಬಹುದು. ಜನ ಜಾಸ್ತಿ ಇರುವ ರಾತ್ರಿಗಳಲ್ಲಿ ಎಡಗಡೆಯ ಸಾಲಿನ ಹಿಂದೆ, ಟುಮಾರೋಲ್ಯಾಂಡ್ ಕಡೆಯಿಂದ ಟೌನ್ ಸ್ಕ್ವೇರ್‌ಗೆ ಇನ್ನೊಂದು ದಾರಿಯನ್ನೂ ತೆರೆಯುತ್ತಾರೆ. ಸಿಬ್ಬಂದಿ ಆ ಕಡೆ ಕೈ ತೋರಿಸಿದರೆ, ಸುಮ್ನೆ ಹೋಗಿ. ಸುತ್ತು ಅನ್ನಿಸಿದರೂ ಬೇಗ ತಲುಪುತ್ತೀರಿ.

ಇನ್ನು ಸ್ಟ್ರಾಲರ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಲ್ಲಿ 31 ಇಂಚು ಅಗಲ, 52 ಇಂಚು ಉದ್ದ ಮೀರಿದ ಸ್ಟ್ರಾಲರ್‌ಗೆ ಪ್ರವೇಶವಿಲ್ಲ, ಎಳೆಯುವ ಬಂಡಿಗಳಿಗೂ ಇಲ್ಲ. ಚಿಕ್ಕದೇ ಆದರೂ ಗುಂಪಿನಲ್ಲಿ ಅದು ಕಾಣುವುದಿಲ್ಲ. ನಾವು ಬೆಂಚಿನಿಂದ ಎದ್ದು ಬರುವಾಗಲೂ ಮೇನ್ ಸ್ಟ್ರೀಟ್ ಪೂರ್ತಿ ಖಾಲಿಯಾಗಿರಲಿಲ್ಲ. ನಮ್ಮ ಮುಂದಿದ್ದ ಹೆಂಗಸೊಬ್ಬರ ಸ್ಟ್ರಾಲರ್‌ನ ಮುಂದಿನ ಗಾಲಿ ಕುದುರೆ ಟ್ರಾಮಿನ ಹಳಿಗೆ ಸಿಕ್ಕಿ ಗಕ್ಕನೆ ನಿಂತಿತು. ಹಿಂದಿದ್ದವರ ಮೊಣಕಾಲು ಅವರ ಹಿಮ್ಮಡಿಗೆ, ಅವರ ಹಿಂದಿನವರ ಬ್ಯಾಗು ಇವರ ಬೆನ್ನಿಗೆ. ನಾಲ್ಕೈದು ಸಾಲು ಹಿಂದೆ ಯಾರದೋ ಕೈಯಿಂದ ಪಾಪ್‌ಕಾರ್ನ್ ಡಬ್ಬ ಬಿತ್ತು. ಎಲ್ಲರೂ ಸಾರಿ ಸಾರಿ ಅಂದುಕೊಂಡು ನಕ್ಕರು. ಜನ ಇನ್ನಷ್ಟು ಒತ್ತಾಗಿದ್ದರೆ ನಗು ಬರುತ್ತಿರಲಿಲ್ಲ. ಆ ಹಳಿ ರಸ್ತೆಯ ಉದ್ದಕ್ಕೂ ಇದೆ, ದಾಟುವಾಗ ಗಾಲಿಯನ್ನು ಸ್ವಲ್ಪ ಅಡ್ಡ ಮಾಡಿ ದಾಟಿಸಿ. ದಟ್ಟಣೆ ಜಾಸ್ತಿಯಾದರೆ ಮಗುವನ್ನು ಎತ್ತಿ ಎದೆಗೆ ಕಟ್ಟಿಕೊಂಡು, ಸ್ಟ್ರಾಲರ್ ಮಡಚಿ ಇನ್ನೊಬ್ಬರ ಕೈಗೆ ಕೊಡಿ. ಶೋ ನೋಡುವಾಗ ಮಗು ಹೆಗಲ ಮೇಲಿದ್ದರೆ, ನಡೆಯೋಕೆ ಶುರುಮಾಡುವ ಮೊದಲು ಇಳಿಸಿಕೊಳ್ಳಿ.

ಏನಾದರೂ ಕೈಜಾರಿ ಬಿದ್ದರೆ ಬಗ್ಗಬೇಡಿ. ಫೋನಾದರೂ ಸರಿ. ಯಾರಾದರೂ ಮುಗ್ಗರಿಸಿದರೆ ಮೊದಲು ಅವರನ್ನು ಎತ್ತಿ ನಿಲ್ಲಿಸಿ. ಬ್ಯಾಗನ್ನು ಮುಂದೆ ಹಾಕಿಕೊಳ್ಳಿ. ಒತ್ತು ಬಿಗಿಯಾದರೆ ಕೈಗಳನ್ನು ಬಾಕ್ಸಿಂಗ್‌ಗೆ ನಿಂತವರ ಹಾಗೆ ಎದೆಯ ಮುಂದೆ ಮಡಚಿ ಹಿಡಿದರೆ ಉಸಿರಿಗೆ ಒಂದಿಷ್ಟು ಜಾಗ ಉಳಿಯುತ್ತದೆ. ಕೂಗಾಡಿ ಉಸಿರು ಖರ್ಚು ಮಾಡಬೇಡಿ.

ಮಕ್ಕಳು ತಪ್ಪಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಬೆಳಗ್ಗೆ ಹೋಟೆಲ್ ಬಿಡುವಾಗಲೇ ಆ ದಿನದ ಬಟ್ಟೆಯಲ್ಲಿ ಮಗುವಿನ ಒಂದು ಫೋಟೋ ತೆಗೆದಿಡಿ. ನಿಮ್ಮ ನಂಬರನ್ನು ಕೈಪಟ್ಟಿಯ ಒಳಮೈಗೆ ಬರೆಯಿರಿ. ಕಾಣದಿದ್ದರೆ ಹುಡುಕುತ್ತಾ ಓಡಾಡುವ ಬದಲು ಹತ್ತಿರದ, ಎದೆಗೆ ಹೆಸರಿನ ಪಟ್ಟಿ ಹಾಕಿದ ಸಿಬ್ಬಂದಿಗೆ ಹೇಳಿ. ಮಗುವಿಗೂ ಆ ಪಟ್ಟಿ ತೋರಿಸಿಕೊಟ್ಟಿರಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಅನ್ನುವ ರೆಸ್ಟೋರೆಂಟ್ ಪಕ್ಕದ ಬೇಬಿ ಕೇರ್ ಸೆಂಟರ್‌ಗೆ ಮಕ್ಕಳನ್ನು ಕರೆತರುತ್ತಾರೆ. ಹಗಲೇ ಒಮ್ಮೆ ಅದನ್ನು ನೋಡಿಟ್ಟುಕೊಳ್ಳಿ.

ಬೇರೆ ಪಾರ್ಕುಗಳ ಲೆಕ್ಕ ಬೇರೆ. ಎಪ್‌ಕಾಟ್‌ನಲ್ಲಿ ಕೆರೆಯ ಸುತ್ತ ಸುಮಾರು ಎರಡು ಕಿಲೋಮೀಟರ್ ದಾರಿಯಿದೆ, ಜನ ಹರಡಿಕೊಳ್ಳುತ್ತಾರೆ. ಫ್ರಾನ್ಸ್ ಮತ್ತು ಬ್ರಿಟನ್ ಹೆಸರಿನ ಭಾಗಗಳ ನಡುವೆ ಇಂಟರ್‌ನ್ಯಾಷನಲ್ ಗೇಟ್‌ವೇ ಅಂತ ಇನ್ನೊಂದು ಗೇಟೂ ಇದೆ. ಹಾಲಿವುಡ್ ಸ್ಟುಡಿಯೋಸ್‌ನ ರಾತ್ರಿ ಶೋ ಮಾತ್ರ ಮೆಟ್ಟಿಲು ಮೆಟ್ಟಿಲಾಗಿರುವ ದೊಡ್ಡ ಬಯಲು ರಂಗಮಂದಿರದಲ್ಲಿ. ಸಾವಿರಾರು ಜನ ಒಟ್ಟಿಗೆ ಏಳುತ್ತಾರೆ. ಮೆಟ್ಟಿಲು ಮತ್ತು ಅವಸರ ಕೂಡಿದರೆ ಏನಾಗುತ್ತದೆ ಅನ್ನೋದಕ್ಕೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಉದಾಹರಣೆ ಹಳೆಯದು. 1883ರಲ್ಲಿ ವಿಕ್ಟೋರಿಯಾ ಹಾಲ್‌ನಲ್ಲಿ ಶೋ ಮುಗಿದ ಮೇಲೆ ಬಹುಮಾನಕ್ಕಾಗಿ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಂದು ಮಗು ನುಸುಳುವಷ್ಟು ಮಾತ್ರ ತೆರೆದಂತೆ ಚಿಲಕ ಹಾಕಿತ್ತು. 183 ಮಕ್ಕಳು ಸತ್ತರು. ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲು ಬಂದದ್ದು ಆ ದುರಂತದ ನಂತರ. ರಂಗಮಂದಿರದಲ್ಲಿ ಅಮ್ಮನಿಗಾಗಿ ನಾವು ಕೊನೆಯ ಸಾಲುಗಳಲ್ಲೇ ಕೂತೆವು, ಇಳಿಯುವ ಹತ್ತುವ ಕಷ್ಟವಿಲ್ಲ. ಮುಂದಿನ ಸಾಲು ಸಿಕ್ಕವರು ಜನ ಖಾಲಿಯಾಗುವವರೆಗೆ ಕೂತೇ ಇರಿ.

ಮ್ಯಾಜಿಕ್ ಕಿಂಗ್‌ಡಮ್ ಗೇಟು ದಾಟಿದ ಮೇಲೆ ಇನ್ನೊಂದು ಕ್ಯೂ ಇದೆ. ಕಾರು ನಿಲ್ಲಿಸಿರುವುದು ಕೆರೆಯ ಆಚೆ, ಅಲ್ಲಿಗೆ ಮೊನೊರೈಲ್ ಅಥವಾ ಫೆರ್ರಿ. ಹೆಚ್ಚಿನವರು ಮೊನೊರೈಲ್ ಕಡೆ ತಿರುಗುತ್ತಾರೆ, ಆದರೆ ಫೆರ್ರಿಯಲ್ಲಿ ಒಂದೇ ಸಲಕ್ಕೆ ನೂರಾರು ಜನ ಹೋಗುತ್ತಾರೆ. ಎರಡೂ ಕಡೆ ಉದ್ದ ಸಾಲು ಕಂಡರೆ, ನಡೆಯೋಕೆ ಆಗುವವರಿಗೆ ಕಂಟೆಂಪೊರರಿ ಹೋಟೆಲ್ ಹತ್ತು ನಿಮಿಷದ ಕಾಲುದಾರಿ, ಮೊನೊರೈಲನ್ನು ಅಲ್ಲಿಂದಲೂ ಹತ್ತಬಹುದು. ನಾವು ಫೆರ್ರಿ ಹಿಡಿದೆವು. ಪಾರ್ಕಿಂಗ್‌ನಲ್ಲಿ ಹೀರೋಸ್, ವಿಲನ್ಸ್ ಅಂತ ಎರಡು ಭಾಗ, ಅದರೊಳಗೆ ಪಾತ್ರಗಳ ಹೆಸರು, ಸಾಲಿನ ನಂಬರು. ಬೆಳಗ್ಗೆ ಇಳಿದ ಕೂಡಲೇ ಆ ಬೋರ್ಡಿನ ಫೋಟೋ ತೆಗೆದಿಡಿ, ರಾತ್ರಿ ಹನ್ನೊಂದಕ್ಕೆ ಎಲ್ಲ ಕಾರೂ ಒಂದೇ ಥರ ಕಾಣುತ್ತವೆ.