ಕೊಟ್ಟಿಗೆಯಲ್ಲಿದ್ದ ಬುಲೆಟ್ಟು ಚಾಪರ್ ಆದದ್ದು

ಗ್ರೈಂಡರ್ ಪ್ಲಗ್ಗಿಗೆ ಹಾಕಿ ಆಗಿತ್ತು. ಬುಲೆಟ್ಟನ್ನು ಚಾಪರ್ ಮಾಡೋಕೆ ಅದರ ನೆಕ್ ಹತ್ತಿರ, ಅಂದರೆ ಫ್ರೇಮಿಗೆ ಹ್ಯಾಂಡಲ್ಲು ಕೂರುವ ಜಾಗದಲ್ಲಿ, ಎಲ್ಲಿ ಕತ್ತರಿಸಬೇಕು ಅಂತ ನಾನೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಭಾನುವಾರ ಗಲಾಟೆ ಕಮ್ಮಿ ಇರುತ್ತದೆ ಅಂತ ಆ ದಿನವನ್ನೇ ಆರಿಸಿಕೊಂಡಿದ್ದೆವು. ಮೇಸ್ತ್ರಿ ಕನ್ನಡಕ ಏರಿಸಿಕೊಂಡು ಗೆರೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಗ್ರೈಂಡರ್ ಕೆಳಗಿಟ್ಟು, "ಬನ್ನಿ, ಟೀ ಕುಡಿದು ಬರೋಣ" ಅಂದರು.

ನಾನು ಹೇಳಬೇಕು ಅಂದುಕೊಂಡಿರುವುದು ಆ ಭಾನುವಾರದ ಬಗ್ಗೆ. ಆದರೆ ಗಾಡಿ ಅಲ್ಲಿಗೆ ಹೇಗೆ ಬಂತು ಅಂತ ಮೊದಲು ಹೇಳಬೇಕು.

ಗಾಡಿ ಸಿಕ್ಕಿದ್ದು ತೀರ್ಥಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಮನೆಯಲ್ಲಿ. ಅಡಿಕೆ ತೋಟದ ಮನೆ. 1992ರ ಬುಲೆಟ್ 350, ಕಪ್ಪು ಬಣ್ಣ, ಕೆಎ-14 ನಂಬರು. ಮನೆಯ ಗೌಡರಿಗೆ ಮಂಡಿ ನೋವು ಶುರುವಾದ ಮೇಲೆ ಕಿಕ್ ಹೊಡೆಯೋಕೆ ಆಗದೆ ಹನ್ನೊಂದು ವರ್ಷದಿಂದ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಮೇಲೆ ಅಡಿಕೆ ಹಾಳೆ ರಾಶಿ, ಪಕ್ಕದಲ್ಲಿ ಸೌದೆ. ಹಾಳೆ ತೆಗೆದು ನೋಡಿದರೆ ಸೀಟಿನೊಳಗೆ ಇಲಿ ಗೂಡು, ಸೈಲೆನ್ಸರ್ ಬಾಯಿಗೆ ಕಡಜ ಮಣ್ಣಿನ ಗೂಡು ಕಟ್ಟಿತ್ತು, ವೈರುಗಳನ್ನೆಲ್ಲ ಇಲಿ ತಿಂದು ಬರೀ ತಾಮ್ರ ಉಳಿದಿತ್ತು. ಮಲೆನಾಡಿನ ಮಳೆಯಲ್ಲಿ ಕಬ್ಬಿಣ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸ್ಪೋಕುಗಳು ಕೈಯಲ್ಲಿ ಮುಟ್ಟಿದರೆ ಪುಡಿ. ಕಿಕ್ ಮೇಲೆ ನಿಂತರೂ ಅದು ಒಂದಿಂಚು ಕೆಳಗೆ ಹೋಗಲಿಲ್ಲ.

ಗೌಡರು 22 ಸಾವಿರ ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ. "ರೆಡಿ ಆದಮೇಲೆ ಒಂದ್ಸಲ ತಂದು ತೋರ್ಸು ಮಾರಾಯ" ಅಂದರು, ಅಷ್ಟೇ. ಅವರ ಮನೆಯವರು ಜಗಲಿಯಲ್ಲಿ ನಿಂತು ಗಾಡಿಯನ್ನು ಪಿಕಪ್ಪಿಗೆ ಏರಿಸುವುದನ್ನು ನೋಡುತ್ತಿದ್ದರು. ಅವರು ಏನೂ ಹೇಳಲಿಲ್ಲ.

ಎಂಜಿನ್ ಬಿಡಿಸುವ ಕೆಲಸವನ್ನು ನಮ್ಮ ಮನೆಯ ಅಂಗಳದಲ್ಲೇ ನಾನು ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೀಗೆ ಜಾಮ್ ಆಗಿ ನಿಂತ ಗಾಡಿಗಳು ನಮ್ಮೂರ ಕೊಟ್ಟಿಗೆಗಳಲ್ಲಿ ಬೇಕಾದಷ್ಟಿವೆ. ಮೊದಲ ದಿನವೇ ಬಲವಂತ ಮಾಡಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ ಬಿಟ್ಟೆ. ದಿನಾ ಸಂಜೆ ಸ್ವಲ್ಪ ಸ್ವಲ್ಪ ಸೇರಿಸುತ್ತಿದ್ದೆ. ಒಂಬತ್ತನೇ ದಿನ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸುತ್ತಿದ್ದಾಗ ಒಳಗಿನಿಂದ ಕಟಕ್ ಅಂತ ಒಂದು ಸದ್ದು ಬಂತು. ಪಿಸ್ಟನ್ ಬಿಟ್ಟಿತ್ತು! ಅಂಗಳದಲ್ಲಿ ಒಬ್ಬನೇ ಕೂತು ನಕ್ಕೆ. ಹೆಡ್ ಬಿಚ್ಚಿ ನೋಡಿದಾಗ ಪಿಸ್ಟನ್ ಇಷ್ಟು ವರ್ಷ ನಿಂತಿದ್ದ ಜಾಗದಲ್ಲಿ ಬೋರಿನ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ, ಸುತ್ತ ಬಳೆಯ ಹಾಗೆ ತುಕ್ಕಿನ ಗುರುತು. 70 ಮಿ.ಮೀ. ಬೋರು, 90 ಮಿ.ಮೀ. ಸ್ಟ್ರೋಕು, 346 ಸಿಸಿ. ಉದ್ದ ಸ್ಟ್ರೋಕಿನ ಆ ಎಂಜಿನ್ನಿಗೆ ಮೊದಲ ಓವರ್‌ಸೈಜ್ ಪಿಸ್ಟನ್ ಹಾಕಿ ಬೋರ್ ಮಾಡಿಸಿದರೆ ಸಾಕಾಯಿತು.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ಆ್ಯಸಿಡ್ ತರೋಣ ಅಂತ ಹೊರಟಿದ್ದೆ. ಅಮ್ಮ ತಡೆದರು. "ಹಿತ್ತಾಳೆ ಚೊಂಬು ಎಂತದ್ರಲ್ಲಿ ತೊಳೀತೀವಿ? ಹುಳಿ ಹಾಕು" ಅಂದರು. ಹುಣಸೆಗೆ ದುಡ್ಡು ಕೊಡುವ ಬದಲು ಅಟ್ಟದ ಮೇಲಿದ್ದ ಹಳೇ ಉಪ್ಪಾಗೆ ಸಿಪ್ಪೆ ಕೆಳಗಿಳಿಯಿತು. ಅದನ್ನು ಕುದಿಸಿ, ಸೋಸಿ, ಟ್ಯಾಂಕಿಗೆ ತುಂಬಿಸಿ, ಜೊತೆಗೆ ಒಂದು ಹಿಡಿ ಹಳೇ ನಟ್ಟು ಹಾಕಿ ದಿನಕ್ಕೆರಡು ಸಲ ಅಲ್ಲಾಡಿಸಿದೆ. ಮೂರು ದಿನಕ್ಕೊಮ್ಮೆ ನೀರು ಬದಲು. ಎರಡು ವಾರದಲ್ಲಿ ಒಳಗೆ ಬೆಳ್ಳಗಿನ ತಗಡು ಕಾಣಿಸಿತು. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ತಕ್ಷಣ ಎಣ್ಣೆ ಆಡಿಸಿಬಿಡಬೇಕು. ಒಂದು ಗಂಟೆ ತಡ ಮಾಡಿದರೂ ಹೊಸ ತುಕ್ಕು ಹಿಡಿಯುತ್ತದೆ.

ಇನ್ನು ಚಾಪರ್ ಆಸೆ. ಅದು ಕಾಲೇಜು ದಿನಗಳಿಂದ ಇದ್ದದ್ದು. ಮುಂದಿನ ಚಕ್ರ ಹಿಡಿಯುವ ಉದ್ದ ಫೋರ್ಕು, ಎತ್ತರದ ಹ್ಯಾಂಡಲ್ಲು, ನೆಲಕ್ಕೆ ತಾಗುವಷ್ಟು ತಗ್ಗಿನ ಸೀಟು. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ತಮ್ಮ ಭಾರದ ಬೈಕುಗಳಿಂದ ಬೇಡದ್ದನ್ನೆಲ್ಲ ಕತ್ತರಿಸಿ ಎಸೆದು ಹಗುರ ಮಾಡಿಕೊಂಡರು. ಅಲ್ಲಿಂದ ಶುರುವಾದದ್ದು ಮುಂದೆ ಕ್ಯಾಲಿಫೋರ್ನಿಯಾದ ಕಡೆ ಉದ್ದ ಫೋರ್ಕಿನ ಚಾಪರ್ ಆಯಿತು. ಚಾಪ್ ಅಂದರೆ ಕತ್ತರಿಸುವುದು. ಹಾಗಾಗಿ ಕತ್ತರಿಸದೆ ಚಾಪರ್ ಇಲ್ಲ ಅಂತಲೇ ನಾನು ನಂಬಿದ್ದೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಮೇಸ್ತ್ರಿ ಭದ್ರಾವತಿಯವರು. ಅವರ ತಂದೆ 1923ರಲ್ಲಿ ಶುರುವಾದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಬೆಸುಗೆ ಹಾಕಿದ ಜಾಗವನ್ನು ಮೇಸ್ತ್ರಿ ಹೆಬ್ಬೆರಳಿನಲ್ಲಿ ಸವರಿದರೆ ಅದು ಒಳಗೆ ಹಿಡಿದಿದೆಯೋ ಬರೀ ಮೇಲೆ ಕೂತಿದೆಯೋ ಹೇಳುತ್ತಾರೆ. ಟೀ ಕುಡಿದು ವಾಪಸ್ ಬಂದ ಮೇಲೆ ಅವರು ಗ್ರೈಂಡರ್ ಮುಟ್ಟಲಿಲ್ಲ. ಎರಡೂ ಚಕ್ರ ಜೋಡಿಸಿ, ಚಾಸಿಸ್ಸನ್ನು ನೇರ ನಿಲ್ಲಿಸಿ, ಒಂದು ಉದ್ದದ ಸರಳು ತಂದು ನೆಕ್ಕಿನ ಓರೆಗೆ ಸರಿಯಾಗಿ ಹಿಡಿದು ನೆಲ ಮುಟ್ಟಿಸಿದರು. ಅದು ಮುಟ್ಟಿದ ಜಾಗಕ್ಕೆ ಒಂದು ಗುರುತು. ಆಮೇಲೆ ಗೋಡೆ ಕಟ್ಟುವವರ ತೂಕದ ಗುಂಡನ್ನು ಮುಂದಿನ ಆ್ಯಕ್ಸಲ್ಲಿನಿಂದ ಇಳಿಬಿಟ್ಟು ಅದು ತೋರಿಸಿದ ಜಾಗಕ್ಕೆ ಇನ್ನೊಂದು ಗುರುತು. ಎರಡರ ನಡುವೆ ನಾಲ್ಕು ಇಂಚಿನಷ್ಟು ಅಂತರ.

"ಇದು ಟ್ರೇಲು. ಗಾಡಿ ನೆಟ್ಟಗೆ ಹೋಗೋದೂ ಇದ್ರಿಂದ, ತಿರುಗೋದೂ ಇದ್ರಿಂದ" ಅಂದರು.

ಆಮೇಲೆ ನನ್ನ ಗೆರೆ ಪ್ರಕಾರ ನೆಕ್ಕನ್ನು ಹತ್ತು ಡಿಗ್ರಿ ಹಿಂದಕ್ಕೆ ಬಾಗಿಸಿ ಎಂಟಿಂಚು ಉದ್ದದ ಫೋರ್ಕ್ ಹಾಕಿದರೆ ಏನಾಗುತ್ತದೆ ಅಂತ ನೆಲದ ಮೇಲೆಯೇ ಬರೆದು ತೋರಿಸಿದರು. ಟ್ರೇಲು ಏಳಿಂಚಿನ ಹತ್ತಿರ ಹೋಯಿತು. ಮುಂದಿನ ಚಕ್ರ ಮುಕ್ಕಾಲು ಅಡಿ ಮುಂದೆ ಹೋಯಿತು. ಅಂಥ ಗಾಡಿ ನೆಟ್ಟಗಿನ ದಾರಿಯಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ಆದರೆ ನಿಧಾನ ಮಾಡಿ ಹ್ಯಾಂಡಲ್ ತಿರುಗಿಸಿದ ಕೂಡಲೇ ಚಕ್ರ ತಾನಾಗಿಯೇ ಒಂದು ಕಡೆಗೆ ಬೀಳೋಕೆ ನೋಡುತ್ತದೆ, ಎರಡೂ ಕೈಯಲ್ಲಿ ಎಳೆದು ಹಿಡಿಯಬೇಕು.

"ನೀವು ಓಡಿಸೋದು ಎಲ್ಲಿ?" ಅಂತ ಕೇಳಿದರು.

ನಾನು ಉತ್ತರ ಕೊಡಲಿಲ್ಲ. ನಾನು ಓಡಿಸುವುದು ಆಗುಂಬೆ ಘಾಟಿಯಲ್ಲಿ. 14 ಹಿಮ್ಮುರಿ ತಿರುವು. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಊರಿನ ರಸ್ತೆ, ಪಾಚಿ, ಮಂಜು, ಎದುರಿಗೆ ದಿಢೀರ್ ಅಂತ ಬರುವ ಮಿನಿ ಬಸ್ಸು. ಅಂಥ ತಿರುವಿನಲ್ಲಿ ಮುಕ್ಕಾಲು ಅಡಿ ಉದ್ದ ಆದ ಗಾಡಿಯನ್ನು ಮೊದಲ ಗೇರಿನಲ್ಲಿ ತಿರುಗಿಸುತ್ತಿರುವುದನ್ನು ಮನಸ್ಸಿನಲ್ಲೇ ನೋಡಿದೆ. ಕೈ ಬೆವರಿತು, ನಿಜವಾಗಿಯೂ.

ಮೇಸ್ತ್ರಿ ಅಷ್ಟಕ್ಕೆ ಬಿಡಲಿಲ್ಲ. ಬುಲೆಟ್ ಫ್ರೇಮಿನ ಕೆಳಗೆ ಕೈ ಆಡಿಸಿ ತೋರಿಸಿದರು. ಅಲ್ಲಿ ಏನೂ ಇಲ್ಲ, ಖಾಲಿ. ಬೇರೆ ಕೆಲವು ಗಾಡಿಗಳಲ್ಲಿ ಎಂಜಿನ್ನನ್ನು ತೊಟ್ಟಿಲಿನ ಹಾಗೆ ಹೊರುವ ಪೈಪು ಕೆಳಗೂ ಇರುತ್ತದೆ. ಇದರಲ್ಲಿ ಎಂಜಿನ್ನೇ ಆ ಜಾಗ ತುಂಬುತ್ತದೆ, ಅದೇ ಫ್ರೇಮಿನ ಒಂದು ಭಾಗ. ಎಂಜಿನ್ ಇಳಿಸಿದ ಫ್ರೇಮಿನ ನೆಕ್ ಕತ್ತರಿಸಿ, ಅಲುಗಾಡದ ಹಾಗೆ ಹಿಡಿದಿಡುವ ಸರಿಯಾದ ಜಿಗ್ ಇಲ್ಲದೆ ಮತ್ತೆ ಬೆಸೆದರೆ ಕೂದಲೆಳೆಯಷ್ಟು ವಾರೆ ಬಂದೇ ಬರುತ್ತದೆ. ಅದು ಮೊದಲ ದಿನ ಗೊತ್ತಾಗುವುದಿಲ್ಲ. "ನಾನು ಬೆಸೀತೀನಿ, ಬೆಸುಗೆ ಬಿಡಲ್ಲ. ಆದ್ರೆ ಎರಡೂ ಚಕ್ರ ಒಂದೇ ಗೆರೆಯಲ್ಲಿ ಇರುತ್ತೆ ಅಂತ ಮಾತು ಕೊಡಲ್ಲ" ಅಂದರು. ತನ್ನ ಕೆಲಸದ ಮಿತಿ ಇಷ್ಟು ಅಂತ ಗಿರಾಕಿಯ ಮುಂದೆ ಹೇಳಿ ದುಡ್ಡು ಬಿಟ್ಟುಕೊಡುವ ಮನುಷ್ಯ ಎಷ್ಟು ಜನ ಸಿಗುತ್ತಾರೆ ಹೇಳಿ?

ಕಾನೂನಿನ ವಿಷಯ ನನಗೆ ಗೊತ್ತಿತ್ತು, ಆದರೂ ಅಲ್ಲಿಯ ತನಕ ಕಣ್ಣು ಮುಚ್ಚಿಕೊಂಡಿದ್ದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ವಿವರ ಬದಲಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಅಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ಜಾಸ್ತಿ ತಟ್ಟಿದ್ದು ಬೇರೆ. ನನ್ನ ಗೆರೆ ಇದ್ದ ಜಾಗದ ಪಕ್ಕದಲ್ಲೇ ಚಾಸಿಸ್ ನಂಬರು ಕೊರೆದಿತ್ತು. ಗೌಡರ ಆರ್‌ಸಿಯಲ್ಲಿ ಇದ್ದದ್ದೂ ಅದೇ ನಂಬರು.

ಒದ್ದೆ ಬಟ್ಟೆ ತಗೊಂಡು ಸೀಮೆಸುಣ್ಣದ ಗೆರೆ ನಾನೇ ಒರೆಸಿದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಹದಿನೈದು ವರ್ಷದ ಆಸೆ ಅದು.

ಮಧ್ಯಾಹ್ನ ಊಟ ಮಾಡಿ ಬಂದು ಇಬ್ಬರೂ ನೆಲದ ಮೇಲೆ ಕೂತೆವು. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ, "ಬೇಡದ್ದು ಯಾವುದು ಹೇಳಿ, ಅದನ್ನ ತೆಗೆಯೋಣ." ಆಗ ನನಗೆ ಹೊಳೆಯಿತು. ಅಮೆರಿಕದ ಹುಡುಗರು ಮಡ್‌ಗಾರ್ಡ್ ಕಿತ್ತು ಹಾಕಿದ್ದು ಅವರ ರಸ್ತೆಗೆ ಅದು ಬೇಡವಾಗಿತ್ತು ಅಂತ. ನಮ್ಮ ಕೆಂಪು ಮಣ್ಣಿನ ರಾಡಿಗೆ ಮಡ್‌ಗಾರ್ಡ್ ಬೇಕೇ ಬೇಕು. ಅವರು ಹಿಂದಿನ ಶಾಕ್ ತೆಗೆದು ಫ್ರೇಮಿಗೇ ಚಕ್ರ ಕೂರಿಸಿದರು. ನಮ್ಮ ಗುಂಡಿಗಳಲ್ಲಿ ಹಾಗೆ ಮಾಡಿದರೆ ಬೆನ್ನು ಉಳಿಯುವುದಿಲ್ಲ. ಮಲೆನಾಡಿನ ಚಾಪರ್ರಿಗೆ ಮಲೆನಾಡಿನ ದಾರಿಯೇ ಅಳತೆ, ಚಿತ್ರದಲ್ಲಿ ನೋಡಿದ್ದಲ್ಲ.

ಸಂಜೆಯೊಳಗೆ ಪಟ್ಟಿ ಆಯಿತು. ಫ್ರೇಮು, ಫೋರ್ಕು, ಚಕ್ರ, ಸೈಲೆನ್ಸರ್, ಬಣ್ಣ ಯಾವುದನ್ನೂ ಬದಲಿಸುವುದಿಲ್ಲ. ಬೋಲ್ಟ್ ಬಿಚ್ಚಿ ಹಳೆಯದನ್ನೇ ಮತ್ತೆ ಹಾಕೋಕೆ ಆಗುವಂಥದ್ದನ್ನು ಮಾತ್ರ ಮಾಡುವುದು. ಮೊದಲು ಗಾಡಿಯನ್ನು ಹಳೇ ರೂಪದಲ್ಲೇ ಪೂರ್ತಿ ಜೋಡಿಸಿ, ತಪಾಸಣೆ ಮಾಡಿಸಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿ ನನ್ನ ಹೆಸರಿಗೆ ಮಾಡಿಸಿಕೊಂಡೆ. ಆಮೇಲೆ ಉಳಿದದ್ದು.

ಎತ್ತರದ ಹ್ಯಾಂಡಲ್ ಬಂತು, ಆದರೆ ಕೈ ಭುಜಕ್ಕಿಂತ ಮೇಲೆ ಹೋಗದ ಹಾಗೆ ನನ್ನನ್ನು ಸೀಟಿನಲ್ಲಿ ಕೂರಿಸಿ ಅಳತೆ ತಗೊಂಡರು. ಹ್ಯಾಂಡಲ್ ಎತ್ತರ ಆದರೆ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು, ಕಿಕ್ ಹಗುರ ಆಗೋಕೆ ಎಂಜಿನ್ನಿನ ಒತ್ತಡ ಬಿಡುವ ಡಿಕಂಪ್ರೆಷರ್, ಹೀಗೆ ನಾಲ್ಕು ಕೇಬಲ್ಲೂ ಉದ್ದದ್ದು ಬೇಕು, ಇದನ್ನು ಎಷ್ಟೋ ಜನ ಮರೆಯುತ್ತಾರೆ. ಟ್ಯಾಂಕಿನ ಮೂತಿಯನ್ನು ಬುಷ್ ಇಟ್ಟು ಒಂದೂವರೆ ಇಂಚು ಎತ್ತಿದೆವು. ಸ್ಪ್ರಿಂಗ್ ಇರುವ ಒಂಟಿ ಸೀಟನ್ನು ಆದಷ್ಟು ತಗ್ಗಿಸಿ ಕೂರಿಸಿದೆವು. ಬರೀ ಈ ಎರಡರಿಂದ ಗಾಡಿಯ ಗೆರೆಯೇ ಬದಲಾಯಿತು! ಮುಂದೆ ಎದ್ದು ಹಿಂದೆ ಇಳಿಯುವ ಆ ಓರೆ, ನಾನು ನೆಕ್ ಕತ್ತರಿಸಿ ಪಡೆಯೋಕೆ ಹೊರಟಿದ್ದು, ನಾಲ್ಕು ಬೋಲ್ಟಿನಲ್ಲಿ ಅರ್ಧ ಸಿಕ್ಕಿತ್ತು. ಹಿಂದೆ ಸರಳು ಬಗ್ಗಿಸಿ ಎರಡಡಿ ಎತ್ತರದ ಸಿಸ್ಸಿ ಬಾರ್, ಅಂದರೆ ಬೆನ್ನು ಒರಗಿಸುವ ಕಂಬಿ, ಮಾಡಿಕೊಟ್ಟರು ಮೇಸ್ತ್ರಿ. ಅದರ ಬಾಗು ನೋಡುತ್ತಾ ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಅಕ್ಟೋಬರ್ ಕೊನೆಗೆ ಮಳೆ ಬಿಟ್ಟ ಮೇಲೆ ಗೌಡರಿಗೆ ಕೊಟ್ಟ ಮಾತು ನೆನಪಾಗಿ ಹೊರಟೆ. ಡಿಕಂಪ್ರೆಷರ್ ಒತ್ತಿ, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕನ್ನು ಮೆಲ್ಲಗೆ ಇಳಿಸಿ, ಆಮೇಲೆ ಒಂದೇ ಒದೆತ. ಗೇರು ಬಲಗಾಲಿಗೆ, ಒಂದು ಮೇಲೆ, ಮೂರು ಕೆಳಗೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ, ಪಕ್ಕದಲ್ಲಿ ತುಂಗೆ. ಬಿಸಿಲು ಎಲೆಗಳ ನಡುವಿನಿಂದ ಟ್ಯಾಂಕಿನ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ತಿರುವುಗಳಲ್ಲಿ ಗಾಡಿ ಹಳೇ ಬುಲೆಟ್ಟಿನ ಹಾಗೆಯೇ ಮಾತು ಕೇಳುತ್ತಿತ್ತು. ಒಂದೊಂದು ತಿರುವಿನಲ್ಲೂ ಮೇಸ್ತ್ರಿಯ ಆ ತೂಕದ ಗುಂಡು ನೆನಪಾಯಿತು.

ಗೌಡರ ಅಂಗಳದಲ್ಲಿ ಅಡಿಕೆ ಒಣಗಲು ಹರಡಿತ್ತು. ಹಂಡೆಯಲ್ಲಿ ಬೇಯಿಸಿದ ಅಡಿಕೆ ವಾಸನೆ. ಗೌಡರು ಗಾಡಿಯ ಸುತ್ತ ಎರಡು ಸುತ್ತು ಬಂದರು, ಬಗ್ಗಿ ಚಾಸಿಸ್ ನಂಬರು ನೋಡಿದರು, "ಹ್ಞೂಂ, ನಮ್ದೇ" ಅಂದರು. ಅವರ ಮನೆಯವರು ಈ ಸಲ ಜಗಲಿಯಿಂದ ಇಳಿದು ಬಂದರು. ಮದುವೆಯಾದ ಹೊಸತರಲ್ಲಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಈ ಗಾಡಿಯಲ್ಲೇ ಹೋಗುತ್ತಿದ್ದರಂತೆ. ಸಿಸ್ಸಿ ಬಾರ್ ಹಿಡಿದು ಒಂದು ಸಲ ಅಲ್ಲಾಡಿಸಿ ನೋಡಿ ನನ್ನನ್ನು ಕೇಳಿದರು.

"ಒರಗೋಕೆ ಕಂಬಿ ಇಟ್ಟಿದೀಯಲ್ಲ, ಕೂರೋಕೆ ಜಾಗ ಎಲ್ಲಿ ಇಟ್ಟಿದೀಯ?"

ಮರುವಾರ ಮತ್ತೆ ಆಟೋ ಕಾಂಪ್ಲೆಕ್ಸಿಗೆ ಹೋದೆ. ಹಿಂದಿನ ಮಡ್‌ಗಾರ್ಡ್ ಮೇಲೆ ಗಟ್ಟಿ ಬ್ರಾಕೆಟ್ ಇಟ್ಟು, ದಪ್ಪ ಸ್ಪಂಜಿನ ಅಗಲ ಸೀಟು ಕೂರಿಸಿ, ಕಾಲಿಡೋಕೆ ಹಳೇ ಫುಟ್‌ರೆಸ್ಟನ್ನೇ ವಾಪಸ್ ಹಾಕಿದೆವು. ಡಿಸೆಂಬರಿನಲ್ಲಿ ಆ ಮನೆಗೆ ಹೋದಾಗ ಗೌಡರ ಮನೆಯವರು ಸೆರಗು ಸುತ್ತಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು ಒಂದೇ ಪಕ್ಕಕ್ಕೆ ಕೂತರು. "ನಿಧಾನ ಮಾರಾಯ" ಅಂದರು. ಮೊದಲ ಗೇರಿನಲ್ಲೇ ತೋಟದ ದಾರಿ ಹಿಡಿದೆ. ಗೌಡರು ಮಂಡಿ ನೋವಿನಲ್ಲೂ ನಮಗಿಂತ ಮುಂದೆ ಬೇಗ ಬೇಗ ನಡೆದು, ದಾರಿಗೆ ಅಡ್ಡ ಇರುವ ಉಣಗೋಲಿನ ಗಳ ಸರಿಸಿ ನಿಂತಿದ್ದರು.