ಎಲ್ಕ್ ಬೇಟೆಯ ತೋಟೆಗೆ ಮದ್ದು ಆರಿಸುವ ಕೆಲಸ: ಇಲ್ಲಿವರೆಗೆ

ಈ ಸಲ ಕಾಡಿಗೆ ಹೊರಡುವ ಮುಂಚೆ ಒಂದು ಕೆಲಸ ಮುಗಿಸಲೇಬೇಕು ಅಂತ ಕೂತಿದ್ದೇನೆ. ನನ್ನ 30-06 (ತೋಟೆಯ ಅಳತೆಯ ಹೆಸರು) ರೈಫಲಿಗೆ ಒಂದೇ ಒಂದು ಮದ್ದು ಗಟ್ಟಿ ಮಾಡಿಕೊಳ್ಳಬೇಕು. ನಾನಿರುವ ಅಮೆರಿಕದ ಕೊಲರಾಡೊದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಮೊದಲ ರೈಫಲ್ ಸೀಸನ್ ಅಕ್ಟೋಬರ್ ಮಧ್ಯಕ್ಕೆ ಶುರುವಾಗುತ್ತದೆ. ಅಷ್ಟರೊಳಗೆ ತೋಟೆ ತುಂಬಿ, ಹೊಡೆದು ನೋಡಿ, ಡಬ್ಬಿಯಲ್ಲಿ ಇಟ್ಟಿರಬೇಕು.

ಮಲೆನಾಡಲ್ಲಿ, ಕೊಡಗಲ್ಲಿ ಕೋವಿ ನೋಡಿ ಬೆಳೆದವರಿಗೆ ಮದ್ದು ಅಂದರೆ ಕರಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿದ್ದು. ಕೇಪಿನ ಕೋವಿಯ ನಳಿಗೆಗೆ ಮೇಲಿಂದ ಸುರಿದು, ಸಲಾಕೆಯಲ್ಲಿ ಗಿಡಿಯುತ್ತಿದ್ದದ್ದು ಅದೇ. ಇಲ್ಲಿ ನಾನು ಹೇಳುತ್ತಿರುವುದು ಬೇರೆ ಜಾತಿಯದು, ಹೊಗೆಯಿಲ್ಲದ ಮದ್ದು. ನೈಟ್ರೋಸೆಲ್ಯುಲೋಸ್ ಇದರ ಜೀವ. ಕೆಲವಕ್ಕೆ ನೈಟ್ರೋಗ್ಲಿಸರಿನ್ ಕೂಡ ಸೇರಿಸಿರುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವ ಮಾತೇ ಇಲ್ಲ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಕಥೆ. ಇಲ್ಲಿ ರಾಜ್ಯವೇ ಲೈಸೆನ್ಸ್ ಕೊಟ್ಟು, ಎಷ್ಟು ಪ್ರಾಣಿ ಅಂತ ಲೆಕ್ಕ ಹಾಕಿ ಬೇಟೆ ನಡೆಸುತ್ತದೆ. ಹಾಗಾಗಿ ಈ ಹವ್ಯಾಸ ಈ ಕಡೆಯದೇ.

ಗುಂಡು ಮೊದಲೇ ತೀರ್ಮಾನ ಆಗಿತ್ತು: ನೋಸ್ಲರ್ ಕಂಪನಿಯ 180 ಗ್ರೇನಿನ ಪಾರ್ಟಿಷನ್ (ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ). ಇಲ್ಲಿನ ನಿಯಮದ ಪ್ರಕಾರ ಎಲ್ಕ್‌ಗೆ ಕನಿಷ್ಠ 85 ಗ್ರೇನ್ ಗುಂಡು ಸಾಕು. ಆದರೆ ಅಷ್ಟು ದೊಡ್ಡ ಪ್ರಾಣಿಯ ಭುಜ ದಾಟಿ ಒಳಗೆ ಹೋಗಬೇಕಾದರೆ ನನಗೆ ಭಾರದ ಗುಂಡೇ ಸಮಾಧಾನ. ಗುಂಡು ಗೊತ್ತಾದ ಮೇಲೆ ಮದ್ದಿನ ಮುಕ್ಕಾಲು ಪಾಲು ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.

ಹೇಗೆ ಅಂದರೆ, ಮದ್ದು ಎಷ್ಟು ಬೇಗ ಉರಿಯುತ್ತದೆ ಅನ್ನುವುದೇ ಮೊದಲ ಲೆಕ್ಕ. ಗುಂಡು ಭಾರ ಇದ್ದಷ್ಟೂ ಜಾಗ ಬಿಟ್ಟು ಏಳುವುದು ನಿಧಾನ. ಅದರ ಹಿಂದೆ ಬೇಗ ಉರಿಯುವ ಮದ್ದು ಇಟ್ಟರೆ ಅನಿಲಕ್ಕೆ ಹರಡಲು ಜಾಗ ಸಿಗುವ ಮುಂಚೆಯೇ ಒತ್ತಡ ನೆತ್ತಿಗೇರುತ್ತದೆ. 30-06ಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಮಿತಿ ಚದರ ಇಂಚಿಗೆ 60,000 ಪೌಂಡ್. ಪಿಸ್ತೂಲಿನ ಮದ್ದನ್ನು ಈ ತೋಟೆಯ ಕೇಸಿಗೆ (ಮದ್ದು ತುಂಬುವ ಹಿತ್ತಾಳೆ ಕೋಶಕ್ಕೆ) ತುಂಬಿದರೆ ರೈಫಲ್ ಒಡೆದು ಹೋಗುತ್ತದೆ, ಹೊಡೆದವನ ಮುಖಾನೂ ಹೋಗಬಹುದು. ತೀರಾ ನಿಧಾನದ್ದು ಹಾಕಿದರೆ 22 ಇಂಚಿನ ನಳಿಗೆಯಲ್ಲಿ ಪೂರ್ತಿ ಉರಿಯುವುದಿಲ್ಲ. ವೇಗ ಬರುವುದಿಲ್ಲ, ನಳಿಗೆಯ ಬಾಯಲ್ಲಿ ಬೆಂಕಿ ಜಾಸ್ತಿ. 180 ಗ್ರೇನ್ ಗುಂಡಿಗೆ 4350 ಅನ್ನುವ ಹೆಸರಿನ ಆಸುಪಾಸಿನ ಮದ್ದುಗಳು ತಲೆಮಾರುಗಳಿಂದ ಹೊಂದಿಕೊಂಡು ಬಂದಿವೆ. ಹಳೆಯ ಸೇನಾ ತೋಟೆಗಳಲ್ಲಿ ಇದ್ದದ್ದು 4895. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ರಾಶಿ ರಾಶಿ 4895 ಮದ್ದನ್ನು ಕ್ಯಾನ್ಸಸ್‌ನ ಬ್ರೂಸ್ ಹಾಜ್‌ಡನ್ ಕೊಂಡು ಮಾರಿದ್ದರಿಂದಲೇ ಇಲ್ಲಿ ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಷ್ಟು ಬೆಳೆಯಿತು. ಆ 4895 ಹಗುರ ಗುಂಡಿಗೆ ಚೆನ್ನಾಗಿರುತ್ತದೆ. ನನ್ನ ಗುಂಡಿಗೆ ಒಂದು ಮೆಟ್ಟಿಲು ನಿಧಾನದ್ದು ಬೇಕಿತ್ತು.

ಪಟ್ಟಿಯಲ್ಲಿ ಉಳಿದದ್ದು ಮೂರು: ಐಎಂಆರ್ 4350, ಎಚ್4350, ಮತ್ತೆ ಒಂದು ಬಾಲ್ ಪೌಡರ್ (ದುಂಡು ಕಾಳಿನ ಮದ್ದು). ಮೊದಲ ಎರಡರ ಸಂಖ್ಯೆ ಒಂದೇ ಆದರೂ ಮದ್ದು ಬೇರೆ ಬೇರೆ, ಅಳತೆಯೂ ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕುವ ಹಾಗೇ ಇಲ್ಲ. ಇದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಎಷ್ಟು ಗ್ರೇನ್ ಮದ್ದು ಹಾಕುತ್ತಿದ್ದೇನೆ ಅನ್ನುವುದನ್ನು ಬೇಕಂತಲೇ ಇಲ್ಲಿ ಬರೆಯುತ್ತಿಲ್ಲ. ನನ್ನ ರೈಫಲಿನಲ್ಲಿ ತೋಟೆ ಕೂರುವ ಚೇಂಬರ್, ನನ್ನ ಕೇಸ್, ನನ್ನ ಪ್ರೈಮರ್‌ಗೆ (ಕೇಸಿನ ಬುಡದಲ್ಲಿ ಕೂತು ಮದ್ದಿಗೆ ಬೆಂಕಿ ಹತ್ತಿಸುವ ಕೇಪು) ಸರಿ ಹೋದದ್ದು ಇನ್ನೊಬ್ಬರ ರೈಫಲಿಗೆ ಜಾಸ್ತಿಯಾಗಬಹುದು. ಮದ್ದು ಮಾಡುವವರೂ ಗುಂಡು ಮಾಡುವವರೂ ಪುಸ್ತಕ ಹೊರಡಿಸುತ್ತಾರೆ. ಅದರಲ್ಲಿ ಕೊಟ್ಟ ಕನಿಷ್ಠದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಬೇಕು. ಪ್ರೈಮರ್ ಚಪ್ಪಟೆಯಾಗಿದೆಯಾ, ಬೋಲ್ಟ್ ಎತ್ತುವಾಗ ಬಿಗಿಯಾಗಿದೆಯಾ, ಕೇಸಿನ ಹಿಂಭಾಗದಲ್ಲಿ ಹೊಳೆಯುವ ಗುರುತು ಬಿದ್ದಿದೆಯಾ ಅಂತ ಪ್ರತಿ ಈಡಿಗೂ ನೋಡಬೇಕು. ಇವೆಲ್ಲ ಒತ್ತಡ ಜಾಸ್ತಿಯಾದದ್ದರ ಸೂಚನೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಕೆಲಸ ಮುಗಿದ ತಕ್ಷಣ ಉಳಿದದ್ದು ಅದೇ ಡಬ್ಬಿಗೆ ವಾಪಸ್.

ಜುಲೈ ತಿಂಗಳ ಕೆಲಸ ಇಷ್ಟೇ: ಮೂರನ್ನೂ ಕನಿಷ್ಠದಿಂದ ಏರಿಸಿಕೊಂಡು ಹೋಗಿ, ಯಾವುದು ಸೆಕೆಂಡಿಗೆ 2700 ಅಡಿಯ ಹತ್ತಿರ ಶಾಂತವಾಗಿ ನಿಲ್ಲುತ್ತದೆ ಅಂತ ನೋಡುವುದು. ಮೂರೂ ನಿಂತವು. ಬಾಲ್ ಪೌಡರ್ ತುಂಬುವುದಂತೂ ಬಲು ಸುಖ. ಗಸಗಸೆ ಥರ ಸಣ್ಣ ಗುಂಡು ಗುಂಡು ಕಾಳು, ಮದ್ದು ಅಳೆದು ಸುರಿಯುವ ಮೆಷರಿನಲ್ಲಿ ಸರ್ರನೆ ಇಳಿಯುತ್ತದೆ, ತಕ್ಕಡಿಗೆ ಇಟ್ಟರೆ ಪ್ರತಿ ಸಲ ಹೆಚ್ಚು ಕಡಿಮೆ ಒಂದೇ ತೂಕ. ಐಎಂಆರ್ 4350ರದು ಉದ್ದನೆ ಕಡ್ಡಿ. ಮೆಷರಿನ ಹಿಡಿ ತಿರುಗಿಸುವಾಗ ಡ್ರಮ್ಮಿನ ಅಂಚಿಗೆ ಒಂದು ಕಡ್ಡಿ ಸಿಕ್ಕಿಕೊಂಡರೆ 'ಕಟ್' ಅಂತ ಕೈಗೆ ಗೊತ್ತಾಗುತ್ತದೆ. ಆ ಅಳತೆಯನ್ನು ನಂಬೋ ಹಾಗಿಲ್ಲ, ಸುರಿದು ಮತ್ತೆ ತೂಗಬೇಕು. ಎಚ್4350ರ ಕಡ್ಡಿ ಗಿಡ್ಡ, ಆ ತೊಂದರೆ ಕಡಿಮೆ. ಆದರೂ ಎರಡು ಕಡ್ಡಿ ಮದ್ದಿಗೂ ನಾನು ಪ್ರತಿ ತೋಟೆಯನ್ನೂ ತೂಗಿಯೇ ತುಂಬುತ್ತೇನೆ.

ಕೇಸ್ ಎಷ್ಟು ತುಂಬಿರುತ್ತದೆ ಅನ್ನುವುದನ್ನೂ ನೋಡಿದೆ. ಮದ್ದು ಕೇಸಿನ ಕುತ್ತಿಗೆಯ ಬುಡದವರೆಗೆ ಬಂದಿದ್ದರೆ ಒಳಗೆ ಅಲುಗಾಡಲು ಜಾಗ ಇರುವುದಿಲ್ಲ. ಗುಡ್ಡದ ಮೇಲಿಂದ ಕೆಳಕ್ಕೆ ಹೊಡೆದರೂ, ಕೆಳಗಿಂದ ಮೇಲಕ್ಕೆ ಹೊಡೆದರೂ ಪ್ರೈಮರಿನ ಬೆಂಕಿ ಮದ್ದಿಗೆ ಒಂದೇ ರೀತಿ ತಾಗುತ್ತದೆ. ಅರ್ಧ ಖಾಲಿ ಕೇಸಲ್ಲಿ ಆ ನಿಶ್ಚಿಂತೆ ಇಲ್ಲ. ಎರಡೂ 4350 ಈ ಕೇಸನ್ನು ಚೆನ್ನಾಗಿ ತುಂಬುತ್ತವೆ. ಜೊತೆಗೆ, ಮರೆತು ಎರಡು ಸಲ ಸುರಿದರೆ ಮದ್ದು ಉಕ್ಕಿ ಹೊರಗೆ ಬರುತ್ತದೆ, ಕಣ್ಣಿಗೆ ಬೀಳದೆ ಇರಲ್ಲ.

ಜುಲೈ ಬಿಸಿಲಲ್ಲಿ 100 ಗಜಕ್ಕೆ ಹೊಡೆದಾಗ ಗೆದ್ದದ್ದು ಬಾಲ್ ಪೌಡರ್. ಕಾಗದದ ಮೇಲೆ ತೂತುಗಳೆಲ್ಲ ಒಂದು ಇಂಚಿಗಿಂತ ಚಿಕ್ಕ ಗುಂಪಾಗಿ ಬಿದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಅದೇ ಆಯ್ಕೆ ಆಗಿರುತ್ತಿತ್ತು. ಆದರೆ ನಾನು ಎಲ್ಕ್ ಹುಡುಕುವುದು 9,000 ಅಡಿ ಮೇಲೆ, ಬೆಳಕು ಹರಿಯುವ ಹೊತ್ತಲ್ಲಿ, ನೀರಿನ ಬಾಟಲಿ ಹೆಪ್ಪುಗಟ್ಟುವ ಚಳಿಯಲ್ಲಿ. ಬೇಸಿಗೆಯ ಗುಂಪು ನೋಡಿ ಅಕ್ಟೋಬರಿಗೆ ಮದ್ದು ಆರಿಸುವುದು ಸರಿಯಲ್ಲ ಅಲ್ವಾ?

ಹಾಗಾಗಿ ಆಗಸ್ಟ್ ಪೂರ್ತಿ ಚಳಿಯ ಪರೀಕ್ಷೆ. ಮೂರು ಮದ್ದಿನ ತೋಟೆಗಳನ್ನೂ ಎರಡು ಪಾಲು ಮಾಡಿದೆ. ಒಂದು ಪಾಲು ನೆರಳಲ್ಲಿ, ಇನ್ನೊಂದು ರಾತ್ರಿಯಿಡೀ ಐಸ್ ಪ್ಯಾಕ್ ಇಟ್ಟ ಕೂಲರಿನಲ್ಲಿ, ಒಳಗೆ ಥರ್ಮಾಮೀಟರ್. ತೇವ ತಾಗದ ಹಾಗೆ ಗಾಳಿಯಾಡದ ಚೀಲದಲ್ಲಿ ಹಾಕಿದ್ದೆ. ತಣ್ಣನೆ ತೋಟೆಯನ್ನು ಒಂದೊಂದಾಗಿ ತೆಗೆದು, ಚೇಂಬರಿಗೆ ಹಾಕಿದ ಕೂಡಲೇ ಹೊಡೆಯಬೇಕು. ಬಿಸಿ ಚೇಂಬರಿನಲ್ಲಿ ಅರ್ಧ ನಿಮಿಷ ಕೂತರೂ ಮದ್ದು ಬೆಚ್ಚಗಾಗಿ ಪರೀಕ್ಷೆ ಕೆಡುತ್ತದೆ. ನಡುನಡುವೆ ನಳಿಗೆ ಪೂರ್ತಿ ಆರುವವರೆಗೂ ಕಾದೆ. ವೇಗ ಅಳೆಯಲು ರೇಡಾರ್ ಕ್ರೋನೋಗ್ರಾಫ್ ಇಟ್ಟಿದ್ದೆ.

ಎರಡು ಪಾಲಿನ ನಡುವೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇತ್ತು. ಬಾಲ್ ಪೌಡರಿನ ವೇಗ ಸೆಕೆಂಡಿಗೆ ಸುಮಾರು 65 ಅಡಿ ಕುಸಿಯಿತು. ಐಎಂಆರ್ 4350 ಅದರ ಅರ್ಧದಷ್ಟು ಇಳಿಯಿತು. ಎಚ್4350 ಹದಿನೈದರ ಆಸುಪಾಸು.

65 ಅಡಿ ಅಂದರೆ 300 ಗಜದಲ್ಲಿ ಗುಂಡು ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಬೀಳುತ್ತದೆ, ಅಷ್ಟೇ. ಎಲ್ಕ್‌ನ ಎದೆಗೂಡಿನ ಅಳತೆಗೆ ಇದು ಲೆಕ್ಕಕ್ಕೇ ಇಲ್ಲ. ತುಂಬಾ ಜನ ಇದನ್ನೇ ದೊಡ್ಡದು ಮಾಡುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ನನ್ನ ಮನಸ್ಸು ತಿರುಗಿಸಿದ್ದು ಕಾಗದದ ಮೇಲಿನ ತೂತುಗಳು. ತಣ್ಣನೆ ಬಾಲ್ ಪೌಡರ್ ಗುಂಪು ಮೇಲೆ ಕೆಳಗೆ ಎಳೆದುಕೊಂಡು ಉದ್ದವಾಯಿತು. ಒಂದು ಈಡಿಗೂ ಇನ್ನೊಂದಕ್ಕೂ ವೇಗದ ಅಂತರ ದೊಡ್ಡದಾಯಿತು. ಬಾಲ್ ಪೌಡರಿನ ಕಾಳಿನ ಮೇಲೆ ಉರಿ ನಿಧಾನ ಮಾಡುವ ಲೇಪ ಇರುತ್ತದೆ. ಅದಕ್ಕೆ ಬೆಂಕಿ ಹತ್ತಿಸುವುದು ಕಷ್ಟ, ಚಳಿಯಲ್ಲಿ ಇನ್ನೂ ಕಷ್ಟ. ಎಷ್ಟೋ ಪುಸ್ತಕಗಳು ಬಾಲ್ ಪೌಡರಿಗೆ ಹೆಚ್ಚು ಬೆಂಕಿ ಕೊಡುವ ಮ್ಯಾಗ್ನಮ್ ಪ್ರೈಮರ್ ಹೇಳುವುದು ಇದಕ್ಕೇ. ಆ ಪ್ರೈಮರ್ ಹಾಕಿ ಕೆಳಗಿನ ಅಳತೆಯಿಂದ ಮತ್ತೆ ಶುರು ಮಾಡಿದೆ. ಸ್ವಲ್ಪ ಸುಧಾರಿಸಿತು, ಸಾಕಾಗುವಷ್ಟು ಅಲ್ಲ. ಎಲ್ಲ ಬಾಲ್ ಪೌಡರೂ ಹೀಗೇ ಅಂತ ಹೇಳುತ್ತಿಲ್ಲ. ಸ್ಟಾಬಾಲ್ 6.5 ಥರದ ಹೊಸವು ಬಿಸಿ ಚಳಿಗೆ ಬದಲಾಗದಂತೆ ಮಾಡಿದವು. ಅದು ಮುಂದಿನ ವರ್ಷಕ್ಕೆ ಇರಲಿ.

ಎಚ್4350ರ ತಣ್ಣನೆ ಗುಂಪು, ಬೆಚ್ಚನೆ ಗುಂಪು ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ತೂತುಗಳು ಹೆಚ್ಚೂ ಕಡಿಮೆ ಒಂದೇ ಜಾಗದಲ್ಲಿದ್ದವು. ಒಂದಿಂಚಿಗಿಂತ ತುಸು ದೊಡ್ಡ ಗುಂಪೇ, ಜುಲೈನ ಬಾಲ್ ಪೌಡರ್‌ನಷ್ಟು ಚಂದ ಇಲ್ಲ. ಆದರೆ ಎರಡೂ ಹವೆಯಲ್ಲಿ ಅಷ್ಟೇ ಇತ್ತು. ಬೇಟೆಯ ತೋಟೆಗೆ ನಾನು ಕೇಳುವುದು ಇದನ್ನೇ. ಇದರ ಇನ್ನೊಂದು ಮುಖಾನೂ ಇದೆ. ಬಿಸಿಗೆ ಬದಲಾಗುವ ಮದ್ದನ್ನು ಚಳಿಗಾಲದಲ್ಲಿ ಮಿತಿಯ ಅಂಚಿಗೆ ತಂದು ನಿಲ್ಲಿಸಿ, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ತೋಟೆ ಹೊಡೆದರೆ ಒತ್ತಡ ಮಿತಿ ದಾಟುತ್ತದೆ. ಸ್ಥಿರ ಮದ್ದಿನಲ್ಲೂ ನಾನು ಅಂಚಿಗೆ ಹೋಗುವುದಿಲ್ಲ, ಗರಿಷ್ಠಕ್ಕಿಂತ ಕೆಳಗೇ ನಿಲ್ಲಿಸಿದ್ದೇನೆ. 30 ಅಡಿ ವೇಗ ಜಾಸ್ತಿ ಬಂದರೆ ಎಲ್ಕ್‌ಗೆ ಗೊತ್ತಾಗುವುದಿಲ್ಲ.

ಹಾಗಾಗಿ ಎಚ್4350 ಅಂತ ತೀರ್ಮಾನ. ಇದರ ಒಂದು ಕಷ್ಟ ಅಂದರೆ ಸಿಗುವುದು. ಇದು ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ಮೇಲಿಂದ 6.5 ಕ್ರೀಡ್‌ಮೂರ್ ಅನ್ನುವ ಇನ್ನೊಂದು ತೋಟೆ ಹೊಡೆಯುವವರೆಲ್ಲ ಇದನ್ನೇ ಹುಡುಕುತ್ತಾರೆ. ಅಂಗಡಿಗೆ ಬಂದ ದಿನವೇ ಖಾಲಿ. ಸೆಪ್ಟೆಂಬರ್ ಮೊದಲ ವಾರ ಒಂದು 8 ಪೌಂಡಿನ ಡಬ್ಬಿ ಸಿಕ್ಕಿತು, ಬೆಲೆ ನೋಡದೆ ತಗೊಂಡೆ. ಒಂದೇ ಲಾಟಿನ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ) ಮದ್ದು ವರ್ಷಗಟ್ಟಲೆ ಬರುತ್ತದೆ ಅನ್ನುವುದು ನನಗೆ ಬೆಲೆಗಿಂತ ಮುಖ್ಯ. ಲಾಟ್ ಬದಲಾದರೆ ವೇಗವೂ ಸ್ವಲ್ಪ ಬದಲಾಗುತ್ತದೆ. ಆಗ ಸ್ವಲ್ಪ ಕೆಳಗಿಳಿದು ಮತ್ತೆ ಏರಿಸಿಕೊಂಡು ಬರಬೇಕು. ಈ ಹೊಸ ಡಬ್ಬಿಗೂ ಅದನ್ನೇ ಮಾಡುತ್ತಿದ್ದೇನೆ. ಮದ್ದು ಅದರದೇ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ, ಬೀರುವಿನೊಳಗೆ ಇದೆ. ಡಬ್ಬಿ ಬದಲಾಯಿಸಿ ಇಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.

ಇನ್ನು ಉಳಿದದ್ದು ಗುಂಡನ್ನು ಕೇಸಿನಲ್ಲಿ ಎಷ್ಟು ಆಳಕ್ಕೆ ಕೂರಿಸುವುದು ಅನ್ನುವ ಕೆಲಸ. ಅದಾದ ಮೇಲೆ ಸೆಪ್ಟೆಂಬರ್ ಕೊನೆಯ ಮುಂಜಾವುಗಳಲ್ಲಿ ರೇಂಜಿಗೆ ಹೋಗಿ, ತಣ್ಣನೆ ನಳಿಗೆಯಿಂದ ದಿನಕ್ಕೆ ಒಂದೇ ಈಡು, ಎಲ್ಲ ದಿನವೂ ಅದೇ ಕಾಗದಕ್ಕೆ. ಕಾಡಲ್ಲಿ ಸಿಗುವುದು ಆ ಮೊದಲ ಈಡು ಮಾತ್ರ. ಆ ಕಾಗದ ಹೇಗೆ ಬಂತು ಅಂತ ಮುಂದಿನ ಕಂತಿನಲ್ಲಿ ಬರೆಯುತ್ತೇನೆ.