ಉಪ್ಪಿನಕಾಯಿ ಜಾಡಿಯಲ್ಲಿ ಓಕ್‌ಲ್ಯಾಂಡಿನ ಮಣ್ಣು

ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಪಕ್ಕದ ಮನೆಯವರ ಅಡುಗೆಮನೆ ಕಿಟಕಿಯಲ್ಲಿ ಒಂದು ಗಾಜಿನ ಜಾಡಿ ಇದೆ. ಒಂದು ಯುಗಾದಿಗೆ ನನ್ನ ಹೆಂಡತಿ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕೊಟ್ಟಿದ್ದಳು. ಈಗ ಅದರಲ್ಲಿ ಅರ್ಧದವರೆಗೆ ಕಂದು ಮಣ್ಣು. ಮುಚ್ಚಳದ ಮೇಲೆ ಟೇಪ್ ಅಂಟಿಸಿ ಪೆನ್ನಿನಲ್ಲಿ ತಾರೀಖು ಬರೆದಿದ್ದಾರೆ, 2024ರ ಸೆಪ್ಟೆಂಬರ್ 26. ಮುಚ್ಚಳ ತೆಗೆದರೆ ಈಗಲೂ ಸಣ್ಣಗೆ ಇಂಗಿನ ವಾಸನೆ ಬರುತ್ತದೆ.

ಅದು ಹತ್ತಿರದ ಓಕ್‌ಲ್ಯಾಂಡ್ ಊರಿನ ಕೊಲಿಸಿಯಮ್ ಮೈದಾನದ ಮಣ್ಣು. ಅಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್, ಇಲ್ಲಿಯವರ ಬಾಯಲ್ಲಿ ಬರೀ ಏಸ್, ಕೊನೆಯ ಬೇಸ್‌ಬಾಲ್ ಮ್ಯಾಚ್ ಆಡಿದ ದಿನ ತಂದದ್ದು. ನಾನೂ ಜೊತೆಗಿದ್ದೆ.

ಊರಿನಲ್ಲಿ ಇರುವವರಿಗೆ ಇದನ್ನು ಹೇಗೆ ಹೇಳಲಿ? ಆರ್‌ಸಿಬಿ ಮಾಲೀಕರು ಒಂದು ದಿನ ತಂಡವನ್ನು ಎತ್ತಿಕೊಂಡು ಬೇರೆ ಊರಿಗೆ ಹೊರಟರು, ಹೆಸರಿನಿಂದ ಬೆಂಗಳೂರು ತೆಗೆದುಬಿಟ್ಟರು, ಹೋಗುವಾಗ "ನೀವು ಮ್ಯಾಚಿಗೆ ಬರಲಿಲ್ಲ, ಅದಕ್ಕೇ ಹೋಗ್ತಿದ್ದೀವಿ" ಅಂದರು ಅಂದುಕೊಳ್ಳಿ. ನಿಮಗೆ ಹೊಟ್ಟೆಯಲ್ಲಿ ಏನಾಗುತ್ತದೋ ಅದೇ ಇವರಿಗೆ ಆಗಿದೆ. ಇಲ್ಲಿ ತಂಡ ಮಾಲೀಕರ ಸ್ವತ್ತು. ಉಳಿದ ಮಾಲೀಕರು ಒಪ್ಪಿದರೆ ಹೊರಡಬಹುದು. 2023ರ ನವೆಂಬರ್‌ನಲ್ಲಿ ಲೀಗಿನ 30 ತಂಡಗಳ ಮಾಲೀಕರೂ ಏಸ್ ಲಾಸ್ ವೇಗಸ್‌ಗೆ ಹೋಗಲು ಒಪ್ಪಿಗೆ ಕೊಟ್ಟರು. ಒಬ್ಬರೂ ಬೇಡ ಅನ್ನಲಿಲ್ಲ.

ನಮ್ಮ ಪಕ್ಕದ ಮನೆಯವರು ಓಕ್‌ಲ್ಯಾಂಡ್‌ನಲ್ಲೇ ಹುಟ್ಟಿ ಬೆಳೆದವರು. 1968ರಲ್ಲಿ ಏಸ್ ಕಾನ್ಸಾಸ್ ಸಿಟಿಯಿಂದ ಬಂದಾಗ ಅವರಿಗೆ ಹನ್ನೆರಡು ವರ್ಷ. ಅಪ್ಪನ ಕೈ ಹಿಡಿದು ಹೋಗುತ್ತಿದ್ದರಂತೆ. 72, 73, 74, ಸಾಲಾಗಿ ಮೂರು ವರ್ಷ ವಿಶ್ವ ಸರಣಿ, ಅಂದರೆ ಇಲ್ಲಿಯ ಬೇಸ್‌ಬಾಲ್‌ನ ಫೈನಲ್, ಗೆದ್ದದ್ದನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ. 1989ರಲ್ಲಿ ಇನ್ನೊಂದು. ಓಕ್‌ಲ್ಯಾಂಡಿನ ಬೀದಿಯಲ್ಲೇ ಆಡಿ ಬೆಳೆದ ರಿಕಿ ಹೆಂಡರ್ಸನ್ 1982ರಲ್ಲಿ ಒಂದೇ ಸೀಸನ್‌ನಲ್ಲಿ 130 ಸಲ ಬೇಸ್ ಕದ್ದ, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದ, ಕಥೆಯನ್ನಂತೂ ನಾನು ಬಂದ ಹೊಸದರಲ್ಲಿ ಬೇಲಿಯ ಆಚೆ ನಿಂತು ಕೈಕಾಲು ಆಡಿಸಿ ತೋರಿಸಿದ್ದರು. ಬೇಸ್‌ಬಾಲ್ ನನಗೆ ಅರ್ಥವಾಗಿದ್ದೇ ಆ ಬೇಲಿಯ ಹತ್ತಿರ.

ಕಾನ್ಸಾಸ್ ಸಿಟಿಗೆ ಮೊದಲು ಅದು ಫಿಲಡೆಲ್ಫಿಯಾದ ತಂಡ. ಅಂದರೆ ಓಕ್‌ಲ್ಯಾಂಡಿಗೂ ಅದು ಬೇರೆಯವರ ಊರಿಂದ ಎದ್ದು ಬಂದದ್ದೇ. ಇದನ್ನು ಒಮ್ಮೆ ಕೇಳಿಯೇ ಬಿಟ್ಟೆ. ಅವರು ತುಂಬ ಹೊತ್ತು ಸುಮ್ಮನಿದ್ದರು. "ಹೌದು. ಆಗ ಚಿಕ್ಕವನು, ಕಾನ್ಸಾಸ್ ಸಿಟಿ ಹುಡುಗರ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಈಗ ಬರುತ್ತೆ" ಅಂದರು.

ತಂಡ ಹೋದದ್ದಕ್ಕಿಂತ ಹೋದ ರೀತಿಯೇ ಅವರಿಗೆ ಜಾಸ್ತಿ ನೋವು. ಹೊಸ ಮೈದಾನ ಕಟ್ಟುತ್ತೇವೆ ಅಂತ ಮಾಲೀಕರು ವರ್ಷಗಟ್ಟಲೆ ಓಡಾಡಿದರು. 2006ರಲ್ಲಿ ನಮ್ಮ ಫ್ರೀಮಾಂಟ್‌ಗೇ ಬರುತ್ತೇವೆ ಅಂದಿದ್ದರು, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆ. ಆಮೇಲೆ ಓಕ್‌ಲ್ಯಾಂಡಿನ ಬಂದರಿನ ಪಕ್ಕದ ಜಾಗ. "ಓಕ್‌ಲ್ಯಾಂಡ್‌ನಲ್ಲಿ ಬೇರೂರಿದ್ದೇವೆ" ಅಂತ ತಂಡವೇ ಘೋಷಣೆ ಮಾಡಿಕೊಂಡಿತ್ತು! 2019ರಲ್ಲಿ ತಂಡ 97 ಮ್ಯಾಚ್ ಗೆದ್ದಾಗ ವರ್ಷಕ್ಕೆ 16 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಆಮೇಲೆ ಒಳ್ಳೊಳ್ಳೆ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು, ಟಿಕೆಟ್ ಬೆಲೆ ಏರಿಸಿದರು, ಹಳೆಯ ಮೈದಾನವನ್ನು ಹಾಗೇ ಬಿಟ್ಟರು, 2022ರಲ್ಲಿ 102 ಮ್ಯಾಚ್ ಸೋತರು, 2023ರಲ್ಲಿ 112. 2022ರಲ್ಲಿ ಇಡೀ ವರ್ಷಕ್ಕೆ 8 ಲಕ್ಷ ಜನರೂ ಬರಲಿಲ್ಲ. ಆಗ ನೋಡಿ, ಜನ ಬರುವುದಿಲ್ಲ ಅನ್ನುವ ಮಾತು ಶುರುವಾಯಿತು. ಮನೆಯ ಹೆಂಚು ತೆಗೆದು, ಮಳೆಗೆ ಒದ್ದೆಯಾದವರನ್ನೇ ಬೈದ ಹಾಗೆ. ಪಕ್ಕದ ಮನೆಯವರು ಇವತ್ತಿಗೂ ಮರೆಯದೆ ಇರುವುದು ಈ ಮಾತನ್ನು.

ಅದಕ್ಕೇ 2023ರ ಜೂನ್ 13ರಂದು ಅಭಿಮಾನಿಗಳು ಉಲ್ಟಾ ಬಹಿಷ್ಕಾರ ಅಂತ ಮಾಡಿದರು. ಬಹಿಷ್ಕಾರ ಅಂದರೆ ಹೋಗದೆ ಇರುವುದು ತಾನೇ? ಇವರು ಎಲ್ಲರೂ ಹೋಗಿ ಮೈದಾನ ತುಂಬಿಸಿದರು. ಒಂದು ಮಂಗಳವಾರ ರಾತ್ರಿ, ಆ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿದ್ದ ತಂಡಕ್ಕೆ, 27,759 ಜನ. ಸಾವಿರಾರು ಜನರ ಮೈಮೇಲೆ ಹಸಿರು ಟೀ ಶರ್ಟು, ಅದರ ಮೇಲೆ ಒಂದೇ ಪದ: ಮಾರು. ತಂಡವನ್ನು ಮಾರಿಬಿಡು ಅಂತ ಮಾಲೀಕ ಜಾನ್ ಫಿಷರ್‌ಗೆ ಕೂಗಿ ಹೇಳಿದರು. ಆ ದಿನ ಏಸ್ ಗೆದ್ದಿತು ಕೂಡ. ಆದರೆ ಅದೇ ವಾರ ನೆವಾಡಾ ರಾಜ್ಯ ವೇಗಸ್ ಮೈದಾನಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಕಾನೂನು ಮಾಡಿತು.

ಓಕ್‌ಲ್ಯಾಂಡ್ ಜನ ಇದಕ್ಕೂ ಮೊದಲೇ ಎರಡು ಏಟು ತಿಂದಿದ್ದರು. 2019ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ವಾರಿಯರ್ಸ್ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. 2020ರಲ್ಲಿ ಅಮೆರಿಕನ್ ಫುಟ್‌ಬಾಲ್‌ನ ರೇಡರ್ಸ್ ಇದೇ ವೇಗಸ್‌ಗೆ. ಉಳಿದಿದ್ದು ಏಸ್ ಒಂದೇ.

ಕೊನೆಯ ಮ್ಯಾಚಿಗೆ ನಾನು ಆಫೀಸಿಗೆ ರಜೆ ಹಾಕಿ ಹೋದೆ. ಬಾರ್ಟ್ ರೈಲು ಇಳಿದು ಆ ಉದ್ದದ ಕಾಲ್ಸೇತುವೆಯ ಮೇಲೆ ನಡೆಯುವಾಗಲೇ ಜನ ಅಳುತ್ತಿದ್ದರು. ಒಳಗೆ 46,889 ಜನ. ಬಲಗಡೆಯ ಬಯಲು ಗ್ಯಾಲರಿಯಲ್ಲಿ ಡ್ರಮ್ ಬಾರಿಸುತ್ತಲೇ ಇದ್ದರು. ಟೆಕ್ಸಸ್ ವಿರುದ್ಧ 3-2ರಲ್ಲಿ ಗೆದ್ದರು. ಗೆದ್ದ ಮೇಲೆ ಕೋಚ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನರಿಗೆ ಧನ್ಯವಾದ ಹೇಳಿದರು. ಯಾರೂ ಎದ್ದು ಹೋಗಲಿಲ್ಲ. ಮೈದಾನದ ಕೆಲಸದವರು ಬೇಲಿಯ ಹತ್ತಿರ ಬಂದು ಕೈಚಾಚಿದವರಿಗೆ ಮಣ್ಣು ಕೊಟ್ಟರು. ನಮ್ಮವರು ಕುಡಿದು ಬಿಟ್ಟಿದ್ದ ಸೋಡಾ ಕಪ್ಪನ್ನು ಅಂಗಿಯ ತುದಿಯಿಂದ ಒರೆಸಿ ಮುಂದೆ ಹಿಡಿದರು. ವಾಪಸ್ ರೈಲಿನಲ್ಲಿ ಎರಡೂ ಕೈಯಲ್ಲಿ ಕಪ್ಪು ಹಿಡಿದು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್‌ನಲ್ಲಿ, ರಿಕಿ ಹೆಂಡರ್ಸನ್ ತೀರಿಹೋದರು. ಆ ದಿನ ಪಕ್ಕದ ಮನೆಯ ಪರದೆ ತೆಗೆದಿರಲಿಲ್ಲ.

ವೇಗಸ್‌ನ ಮೈದಾನ 2028ಕ್ಕೆ ಆಗಬೇಕು. ಅಲ್ಲಿಯವರೆಗೆ ತಂಡ ಸ್ಯಾಕ್ರಮೆಂಟೋದ ಒಂದು ಚಿಕ್ಕ ಮೈದಾನದಲ್ಲಿ ಆಡುತ್ತಿದೆ. ಹೆಸರಿನಲ್ಲಿ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ನಮ್ಮ ಮನೆಯಿಂದ ಎರಡು ಗಂಟೆಯ ದಾರಿ. "ಕರ್ಕೊಂಡು ಹೋಗ್ಲಾ?" ಅಂತ ಒಮ್ಮೆ ಕೇಳಿದೆ. ಇಲ್ಲ ಅಂದರು, ಅಷ್ಟೇ. ರೇಡಿಯೋದಲ್ಲಿ ಸ್ಕೋರ್ ಬಂದರೂ ಎದ್ದು ಹೋಗಿ ಆಫ್ ಮಾಡುತ್ತಾರೆ. ನೀರಿನ ಆಚೆಯ ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ತಂಡ ಜೈಂಟ್ಸ್‌ಗೆ ಜೈ ಅನ್ನಿ ಅಂತ ಹೇಳುವವರಿದ್ದಾರೆ. ಹಾಗೆಲ್ಲ ಬದಲಾಯಿಸಲು ಆಗುತ್ತಾ?

2025ರ ಜೂನ್‌ನಲ್ಲಿ ಅದೇ ಕೊಲಿಸಿಯಮ್‌ನಲ್ಲಿ ಕ್ರಿಕೆಟ್ ಬಂತು. ಅಮೆರಿಕದ ಮೇಜರ್ ಲೀಗ್ ಕ್ರಿಕೆಟ್‌ನ ಆ ವರ್ಷದ ಮೊದಲ ಮ್ಯಾಚು. ನನಗೆ ಖುಷಿ, ಜೊತೆಗೆ ಒಂಥರಾ ಅಳುಕು. ಬೇರೆಯವರ ಮನೆಯ ಸಾವಿನ ನಂತರ ಅಲ್ಲಿ ಹಬ್ಬ ಮಾಡಿದ ಹಾಗೆ. ಆದರೂ ಕರೆದೆ, ಬಂದರು. ಫಿನ್ ಆಲನ್ 151 ಹೊಡೆದ, ಅದರಲ್ಲಿ 19 ಸಿಕ್ಸರ್. ಅವರು ಒಂದೊಂದನ್ನೂ ಬೆರಳು ಮಡಿಸಿ ಎಣಿಸಿದರು. ನನ್ನ ಸುತ್ತ ಕನ್ನಡ, ತೆಲುಗು, ಹಿಂದಿ, ಎಲ್ಲ ಕೇಳಿಸುತ್ತಿತ್ತು. ಮಧ್ಯೆ ಮಧ್ಯೆ ಅವರ ಕಣ್ಣು ಡ್ರಮ್ ಬಾರಿಸುತ್ತಿದ್ದ ಆ ಗ್ಯಾಲರಿಯ ಕಡೆಗೇ ಹೋಗುತ್ತಿತ್ತು. ಹೊರಡುವಾಗ, "ಜಾಗ ಖಾಲಿ ಬಿದ್ದಿರೋದಕ್ಕಿಂತ ಇದು ಒಳ್ಳೇದು" ಅಂದರು. ನನ್ನ ಸಮಾಧಾನಕ್ಕೆ ಹೇಳಿದರು ಅಂತ ಈಗಲೂ ಅನ್ನಿಸುತ್ತದೆ.

ಈಗ ಅವರು ಹೋಗುವುದು ಪಶ್ಚಿಮ ಓಕ್‌ಲ್ಯಾಂಡಿನ ರೈಮಾಂಡಿ ಪಾರ್ಕಿಗೆ. ಅಲ್ಲಿ ಬ್ಯಾಲರ್ಸ್ ಅನ್ನುವ ಸಣ್ಣ ಬೇಸ್‌ಬಾಲ್ ತಂಡ 2024ರಿಂದ ಆಡುತ್ತಿದೆ, ಅಭಿಮಾನಿಗಳೂ ಅದರಲ್ಲಿ ಪಾಲು ಕೊಂಡಿದ್ದಾರೆ. 2025ರಲ್ಲಿ ಅದು ತನ್ನ ಪಯನೀರ್ ಲೀಗ್ ಗೆದ್ದಿತು. ಆ ರಾತ್ರಿ ನಮ್ಮ ಬಾಗಿಲು ಬಡಿದರು. ಗಂಟಲು ಪೂರ್ತಿ ಕಟ್ಟಿತ್ತು, ಕೂಗಿ ಕೂಗಿ. ಕಾಫಿ ಕೊಟ್ಟೆವು. ಈಗ ಏಸ್ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತಾ ಅಂತ ನನ್ನ ಹೆಂಡತಿ ಕೇಳಿದಳು.

"ಅದು ಬೇರೆ, ಇದು ಬೇರೆ" ಅಂದು ಕಾಫಿ ಮುಗಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಉಪ್ಪಿನಕಾಯಿ ಹಾಕಿಕೊಡುವುದಾದರೆ ಈ ಸಲ ಬೇರೆ ಜಾಡಿಯಲ್ಲಿ ಕೊಡಿ, ಅದನ್ನು ಖಾಲಿ ಮಾಡಲು ಆಗುವುದಿಲ್ಲ ಅಂದರು.